ಅನ್ನ, ಇಂಧನ, ಹವಾಮಾನ: ಡಾ. ಕಿರೀಟ್ ಪಾರಿಖ್ ಅವರ ಲೆಕ್ಕಾಚಾರ

ಮುಂಬಯಿಯ ಗೋರೆಗಾಂವ್ ಪೂರ್ವದಲ್ಲಿರುವ ಇಂದಿರಾ ಗಾಂಧಿ ಅಭಿವೃದ್ಧಿ ಸಂಶೋಧನ ಸಂಸ್ಥೆಯನ್ನು 1987ರಲ್ಲಿ ಸ್ಥಾಪಿಸಿದ್ದು ಭಾರತೀಯ ರಿಸರ್ವ್ ಬ್ಯಾಂಕು. ಅದರ ಸಂಸ್ಥಾಪಕ ನಿರ್ದೇಶಕರು ಡಾ. ಕಿರೀಟ್ ಪಾರಿಖ್. ಖರಗ್‌ಪುರದ ಐಐಟಿಯಲ್ಲಿ ಕಲಿತ ಅವರು ಅಮೆರಿಕದ ಎಂಐಟಿಯಿಂದ ಸಿವಿಲ್ ಎಂಜಿನಿಯರಿಂಗ್‌ನಲ್ಲಿ ಡಾಕ್ಟರೇಟ್ ಹಾಗೂ ಅರ್ಥಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದರು.

ಆಹಾರದ ಮಾದರಿ

1980ರಿಂದ 1986ರವರೆಗೆ ಅವರು ಆಸ್ಟ್ರಿಯದ ಲಾಕ್ಸೆನ್‌ಬರ್ಗ್‌ನ ಅಂತಾರಾಷ್ಟ್ರೀಯ ಅನ್ವಯಿಕ ವ್ಯವಸ್ಥಾ ವಿಶ್ಲೇಷಣ ಸಂಸ್ಥೆಯಲ್ಲಿ ಆಹಾರ ಮತ್ತು ಕೃಷಿ ಕಾರ್ಯಕ್ರಮದ ನೇತೃತ್ವ ವಹಿಸಿದ್ದರು. ಪ್ರತಿಯೊಂದು ದೇಶದ ಬೆಳೆ, ಆದಾಯ ಮತ್ತು ಬೇಡಿಕೆಗಳನ್ನು ಸಮೀಕರಣಗಳಲ್ಲಿ ಹಿಡಿದಿಟ್ಟು, ಆ ದೇಶಗಳನ್ನು ವ್ಯಾಪಾರದ ಮೂಲಕ ಜೋಡಿಸುವ ಮಾದರಿಯನ್ನು ಅಲ್ಲಿ ರೂಪಿಸಲಾಯಿತು. ಖಾತೆಯ ಜಮಾ ಮತ್ತು ಖರ್ಚು ತಾಳೆಯಾಗುವಂತೆ, ಜಗತ್ತಿನ ಪೂರೈಕೆ ಮತ್ತು ಬೇಡಿಕೆಗಳು ಸರಿದೂಗುವವರೆಗೆ ಬೆಲೆಗಳು ಬದಲಾಗುತ್ತವೆ. ಒಂದೆಡೆ ಮಳೆ ಕೈಕೊಟ್ಟರೆ ಮತ್ತೊಂದೆಡೆಯ ಬಡವನ ತಟ್ಟೆಯಲ್ಲಿ ಅನ್ನ ಕಡಿಮೆಯಾಗುವ ಬಗೆ ಇದರಿಂದ ಗೋಚರಿಸುತ್ತದೆ.

ಇದೇ ಮಾದರಿಯನ್ನು ಬಳಸಿ ಸಿಂಥಿಯಾ ರೋಸೆನ್‌ಜ್ವೈಗ್ ಮತ್ತು ಮಾರ್ಟಿನ್ ಪ್ಯಾರಿ 1994ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಬಂಧ ಪ್ರಕಟಿಸಿದರು. ಜಗತ್ತಿನ ಒಟ್ಟು ಧಾನ್ಯೋತ್ಪಾದನೆ ಅಲ್ಪವಾಗಿ ಕುಸಿದರೂ ಅದರ ಭಾರ ಬೀಳುವುದು ಅಭಿವೃದ್ಧಿಶೀಲ ರಾಷ್ಟ್ರಗಳ ಮೇಲೆ ಎಂಬುದು ಅವರ ನಿಷ್ಕರ್ಷೆ. ಭಾರತದ ಮಟ್ಟಿಗೆ ಜ್ಯೋತಿ ಪಾರಿಖ್ ಮತ್ತು ಕೆ.ಎಸ್. ಕವಿ ಕುಮಾರ್ ಮಾಡಿದ ಅಧ್ಯಯನದ ಪ್ರಕಾರ, ಉಷ್ಣಾಂಶ 2ರಿಂದ 3.5 ಡಿಗ್ರಿ ಸೆಲ್ಸಿಯಸ್ ಏರಿದರೆ ಕೃಷಿಯ ನಿವ್ವಳ ಆದಾಯ ಶೇ. 9ರಿಂದ 25ರಷ್ಟು ಕುಸಿಯಬಹುದು.

ಇಂಧನದ ದಾರಿ

2004ರಿಂದ 2009ರವರೆಗೆ ಯೋಜನಾ ಆಯೋಗದ ಸದಸ್ಯರಾಗಿದ್ದ ಕಿರೀಟ್ ಪಾರಿಖ್ ಅವರ ಅಧ್ಯಕ್ಷತೆಯ ಸಮಿತಿ 2006ರಲ್ಲಿ ಸಮಗ್ರ ಇಂಧನ ನೀತಿಯ ವರದಿಯನ್ನು ನೀಡಿತು. 2031-32ರವರೆಗೆ ಶೇ. 8ರ ಬೆಳವಣಿಗೆ ಸಾಧಿಸಲು ವಿದ್ಯುತ್ ಉತ್ಪಾದನಾ ಸಾಮರ್ಥ್ಯ 2003-04ರ ಮಟ್ಟದ 5ರಿಂದ 6 ಪಟ್ಟು ಹೆಚ್ಚಬೇಕೆಂದು ಅದು ಅಂದಾಜಿಸಿತು. 2014ರಲ್ಲಿ ಅವರ ಅಧ್ಯಕ್ಷತೆಯ ಇನ್ನೊಂದು ತಜ್ಞರ ಗುಂಪು, ಬಡವರ ಏಳಿಗೆಗೆ ಧಕ್ಕೆ ತಾರದೆ ಇಂಗಾಲದ ಹೊರೆ ಇಳಿಸುವ ಮಾರ್ಗಗಳನ್ನು ಸೂಚಿಸಿತು. 2009ರಲ್ಲಿ ಅವರಿಗೆ ಪದ್ಮಭೂಷಣ ಪ್ರಶಸ್ತಿ ಸಂದಿತು.

ಅನ್ನವೂ ಇಂಧನವೂ ಬೇರೆ ಬೇರೆ ಖಾತೆಗಳಲ್ಲ. ನೀರೆತ್ತುವ ಪಂಪ್‌ಸೆಟ್ಟಿಗೆ ವಿದ್ಯುತ್ ಬೇಕು, ಯೂರಿಯಾ ತಯಾರಿಕೆಗೆ ನೈಸರ್ಗಿಕ ಅನಿಲ ಬೇಕು. 2025ರಲ್ಲಿ ದೇಶವು ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲ್ ಬೆರೆಸುವ ಗುರಿ ಮುಟ್ಟಿದಾಗ ಅದಕ್ಕೆ ಒದಗಿದ್ದು ಕಬ್ಬಷ್ಟೇ ಅಲ್ಲ, ಅಕ್ಕಿ ಮತ್ತು ಮೆಕ್ಕೆಜೋಳಗಳೂ ಹೌದು. ವಾಹನಕ್ಕೆಂದು ಬೆಳೆದ ಕಾಳು ಊಟಕ್ಕೆ ಸಿಗದು. ಆ ಕೊರತೆಯ ಬೆಲೆಯನ್ನು ಯಾರು ತೆರಬೇಕೆಂಬುದೇ ಇಂತಹ ಲೆಕ್ಕಾಚಾರಗಳ ಮುಂದಿರುವ ಪ್ರಶ್ನೆ.