ಬುಟ್ಟಿ ಲೆಕ್ಕದ ವೈನ್

ಹಂಗೆರಿಯ ಈಶಾನ್ಯ ಮೂಲೆಯಲ್ಲಿ ಗೊಂಟ್ಸ್ ಎಂಬ ಊರಿದೆ. ಓಕ್ ಮರದ ಪೀಪಾಯಿ ಕಟ್ಟುವುದಕ್ಕೆ ಒಂದು ಕಾಲದಲ್ಲಿ ಹೆಸರಾಗಿದ್ದ ಊರು. ಅಲ್ಲಿನ ಪೀಪಾಯಿಯಲ್ಲಿ ಸುಮಾರು 136 ಲೀಟರ್ ಹಿಡಿಯುತ್ತಿತ್ತು. ದಕ್ಷಿಣಕ್ಕೆ ಟೊಕಾಯ್ ಸೀಮೆಯ ದ್ರಾಕ್ಷಿ ತೋಟಗಳಲ್ಲಿ ಕೊಯ್ಲಿನವರು ಬೆನ್ನಿಗೆ ಹೊತ್ತುಕೊಳ್ಳುತ್ತಿದ್ದ ಬುಟ್ಟಿಯ ಹೆಸರು ಪುಟ್ಟೊನ್. ಅದರಲ್ಲಿ 20ರಿಂದ 25 ಕಿಲೊ ಹಣ್ಣು ಹಿಡಿಯುತ್ತಿತ್ತು. ಒಂದು ಪೀಪಾಯಿ ವೈನಿಗೆ ಬೂಷ್ಟು ಹಿಡಿದು ಸುರುಟಿದ ದ್ರಾಕ್ಷಿ ಎಷ್ಟು ಬುಟ್ಟಿ ಬಿತ್ತು, ಮೂರೋ, ಐದೋ, ಆರೋ, ಅದರ ಮೇಲೆ ಆ ವೈನಿನ ದರ್ಜೆ ಮತ್ತು ಬೆಲೆ. ನಮ್ಮ ಕೊಳಗ ಹೇಗೆ ಪಾತ್ರೆಯೂ ಹೌದೋ ಅಳತೆಯೂ ಹೌದೋ ಹಾಗೆಯೇ ಅಲ್ಲಿ ಪುಟ್ಟೊನ್.

ಕೊಳೆತ ಹಣ್ಣು ಎಷ್ಟು ಬಿತ್ತೆಂದು ಎಣಿಸಿ, ಹೆಚ್ಚು ಬಿದ್ದಷ್ಟೂ ಹೆಚ್ಚು ಹಣ ಕೇಳಿದ ಸೀಮೆ ಇದು. ಈ ವೈನಿನ ಹೆಸರು ಅಸೂ. ಕನ್ನಡದ ಕಿವಿಗೆ ‘ಪ್ರಾಣ’ ಎಂದು ಕೇಳಿಸಿದರೂ ಹಂಗೆರಿಯನ್ ಭಾಷೆಯಲ್ಲಿ ಅದರ ಅರ್ಥ ‘ಒಣಗಿ ಸುರುಟಿದ್ದು’.

ಅಸೂ ಹುಟ್ಟಿದ ಬಗೆಗೆ ಆ ಕಡೆ ಎಲ್ಲರ ಬಾಯಲ್ಲೂ ಇರುವ ಕಥೆ ಒಂದೇ. 1630ರ ಸುಮಾರು. ತುರ್ಕರ ದಂಡು ಬರುತ್ತದೆಂಬ ಭಯಕ್ಕೆ ರಾಕೋಟ್ಸಿ ಮನೆತನದ ತೋಟದಲ್ಲಿ ಕೊಯ್ಲು ತಡವಾಯಿತು. ಹಣ್ಣು ಬಳ್ಳಿಯಲ್ಲೇ ಬೂಷ್ಟು ಹಿಡಿಯಿತು. ಮನೆತನದ ಪಾದ್ರಿ ಸೆಪ್ಶಿ ಲಾಟ್ಸ್ಕೊ ಮಾತೆ ಅದನ್ನು ಬಿಸಾಡದೆ ಒರೆಮುಶ್ ಗುಡ್ಡದ ತೋಟದ ಹಣ್ಣಿನಿಂದ ವೈನ್ ಮಾಡಿ, ಒಡತಿ ಜುಜಾನ್ನಾ ಲೊರಾಂಟ್ಫಿಗೆ ಈಸ್ಟರ್ ಹಬ್ಬದಂದು ಒಪ್ಪಿಸಿದ. ಕಥೆ ಚೆನ್ನಾಗಿದೆ. ಪಾದ್ರಿಯೂ ಒಡತಿಯೂ ನಿಜವಾಗಿ ಇದ್ದವರೇ. ತೊಡಕು ಇರುವುದು ತಾರೀಖಿನಲ್ಲಿ. 1571ರಲ್ಲಿ ಗರಾಯಿ ಎಂಬ ಕುಟುಂಬದ ಆಸ್ತಿ ಹಂಚಿಕೆಯ ಪತ್ರವೊಂದರಲ್ಲೇ ಅಸೂ ವೈನಿನ ಹೆಸರು ಬರುತ್ತದೆ. ಆಗ ಲಾಟ್ಸ್ಕೊ ಇನ್ನೂ ಹುಟ್ಟಿರಲಿಲ್ಲ. ಮನೆ ಪಾಲಾಗುವಾಗ ಬರೆದಿಡುವಷ್ಟು ಬೆಲೆ ಆ ಪದಾರ್ಥಕ್ಕೆ ಅಷ್ಟು ಹೊತ್ತಿಗಾಗಲೇ ಬಂದಿತ್ತು ಎಂದರೆ, ಅದನ್ನು ಮಾಡುವ ಕೈಗಳು ಇನ್ನೂ ಹಳೆಯವು. ಆದರೂ ಆಸ್ತಿ ಪತ್ರಕ್ಕಿಂತ ಪಾದ್ರಿಯ ಕಥೆಯೇ ಗೆದ್ದಿತು. ಪತ್ರದಲ್ಲಿ ತುರ್ಕರೂ ಇಲ್ಲ, ಈಸ್ಟರೂ ಇಲ್ಲ!

ನಿಜವಾದ ಕೆಲಸ ಮಾಡುವುದು ಎರಡು ಹೊಳೆಗಳು. ಟೊಕಾಯ್ ಪಟ್ಟಣದ ಬಳಿ ಬೊದ್ರೊಗ್ ಹೊಳೆ ತಿಸಾ ನದಿಗೆ ಸೇರುತ್ತದೆ. ಶರತ್ಕಾಲದ ಬೆಳಗಿನಲ್ಲಿ ಅಲ್ಲಿಂದ ಎದ್ದ ಮಂಜು ಜೆಂಪ್ಲೇನ್ ಗುಡ್ಡಗಳ ಬುಡದ ತೋಟಗಳ ಮೇಲೆ ಕೂರುತ್ತದೆ. ಮಧ್ಯಾಹ್ನ ಬಿಸಿಲು ಬಂದು ಅದನ್ನು ಓಡಿಸುತ್ತದೆ. ಮಂಜಿನ ತೇವದಲ್ಲಿ ಬೊಟ್ರೈಟಿಸ್ ಎಂಬ ಬೂಷ್ಟು ಹಣ್ಣಿನ ಸಿಪ್ಪೆಯನ್ನು ಸಣ್ಣಗೆ ತೂತು ಮಾಡುತ್ತದೆ, ಬಿಸಿಲಿಗೆ ನೀರು ಆ ದಾರಿಯಲ್ಲಿ ಆವಿಯಾಗಿ ಹೋಗುತ್ತದೆ. ಒಳಗೆ ಉಳಿಯುವುದು ಸಕ್ಕರೆ, ಹುಳಿ ಮತ್ತು ಬೂಷ್ಟೇ ಕೊಡುವ ಜೇನಿನಂಥ ಪರಿಮಳ. ಮಂಜಿನ ಬದಲು ಮಳೆ ಹಿಡಿದುಕೊಂಡರೆ ಅದೇ ಬೂಷ್ಟು ತೋಟವನ್ನೆಲ್ಲ ಕೊಳೆಸಿಬಿಡುತ್ತದೆ. ಹಾಗಾಗಿ ಎಲ್ಲ ವರ್ಷವೂ ಅಸೂ ಆಗುವುದಿಲ್ಲ. ಹಳೆಯ ವಾಡಿಕೆಯಲ್ಲಿ ಕೊಯ್ಲು ಶುರುವಾಗುತ್ತಿದ್ದದ್ದು ಅಕ್ಟೋಬರ್ 28ಕ್ಕೆ, ಸಂತ ಸೈಮನ್ ಮತ್ತು ಯೂದರ ದಿನ. ಬೇರೆ ಸೀಮೆಯವರು ಅಷ್ಟು ಹೊತ್ತಿಗೆ ಪೀಪಾಯಿ ತುಂಬಿಸಿ ಮುಚ್ಚಿರುತ್ತಿದ್ದರು.

ಬಳ್ಳಿಗಳ ಪೈಕಿ ಯಜಮಾನಿಕೆ ಫುರ್ಮಿಂಟ್ ತಳಿಯದು. ತಡವಾಗಿ ಮಾಗುತ್ತದೆ, ಹುಳಿ ಗಟ್ಟಿ, ಬೂಷ್ಟಿಗೆ ಬೇಗ ಸಿಗುತ್ತದೆ. ತೋಟಗಳ ಬಹುಪಾಲು ಅದೇ. ಎರಡನೆಯದು ಹಾರ್ಶ್‌ಲೆವೆಲೂ, ಎಂದರೆ ಲಿಂಡನ್ ಮರದ ಎಲೆ. ಎಲೆಯ ಆಕಾರದಿಂದ ಬಂದ ಹೆಸರು, ವೈನಿಗೆ ಹೂವಿನ ಕಂಪು ಕೊಡುವುದು ಇದೇ. ಹಳದಿ ಮಸ್ಕಟ್, ‘ದಪ್ಪ ದ್ರಾಕ್ಷಿ’ ಎಂಬ ಅರ್ಥದ ಕೊವೇರ್‌ಸೊಲೊ, ಇಪ್ಪತ್ತನೆಯ ಶತಮಾನದಲ್ಲಿ ಸಂಕರದಿಂದ ಹುಟ್ಟಿಸಿದ ಜೇತಾ ಮತ್ತು ಕಬಾರ್ ಸೇರಿ ಕಾನೂನು ಒಪ್ಪುವ ತಳಿಗಳು ಆರೇ.

ಸುರುಟಿದ ಹಣ್ಣನ್ನು ಬೇರೆಯಾಗಿ ಕೂಡಿಟ್ಟಾಗ ತನ್ನ ಭಾರಕ್ಕೆ ತಾನೇ ಒಸರುವ ರಸಕ್ಕೆ ಎಸೆನ್ಸಿಯಾ ಎಂದು ಹೆಸರು. ಲೀಟರಿಗೆ 450 ಗ್ರಾಂ ದಾಟುವ ಸಕ್ಕರೆ. ಹುದುಗು ಬರಲು ವರ್ಷಗಳೇ ಬೇಕು, ಬಂದರೂ ಮದ್ಯಸಾರ ಶೇ. 3–4ರ ಆಸುಪಾಸು. ಅದನ್ನು ಲೋಟದಲ್ಲಿ ಕುಡಿಯುವುದಿಲ್ಲ, ಚಮಚದಲ್ಲಿ ನೆಕ್ಕುತ್ತಾರೆ. ಯುರೋಪಿನ ಔಷಧಿ ಅಂಗಡಿಗಳಲ್ಲಿ ಟೊಕಾಯ್ ಬಹುಕಾಲ ಟಾನಿಕ್ಕಿನ ಸಾಲಿನಲ್ಲೇ ನಿಂತಿತ್ತು. ಉಳಿದ ಹಣ್ಣನ್ನು ಹೊಸ ವೈನಿನಲ್ಲೋ ಹುದುಗುತ್ತಿರುವ ರಸದಲ್ಲೋ ಒಂದೆರಡು ದಿನ ನೆನೆಹಾಕಿ ಹಿಂಡಿದರೆ ಅಸೂ. ಅದರ ವಾಸ ಗುಡ್ಡದ ಮೆದುಗಲ್ಲು ಕೊರೆದ ನೆಲಮಾಳಿಗೆಗಳಲ್ಲಿ. ಬಗ್ಗಿ ನಡೆಯಬೇಕಾದ ಸುರಂಗಗಳವು; ಗೋಡೆಗೆಲ್ಲ ಕರಿಕಂಬಳಿ ಹೊದಿಸಿದಂತೆ ಇನ್ನೊಂದು ಬಗೆಯ ಬೂಷ್ಟು. ಪೀಪಾಯಿಯಿಂದ ಹೊರಡುವ ಮದ್ಯದ ಆವಿಯೇ ಅದರ ಆಹಾರ.

ಈ ವೈನನ್ನು ದೊಡ್ಡದು ಮಾಡಿದ್ದು ಕುಡಿದ ರಾಜರೋ, ಸಾಗಿಸಿದ ವರ್ತಕರೋ? ಲೇಬಲ್ಲುಗಳನ್ನು ಕೇಳಿದರೆ ರಾಜರು. ಹ್ಯಾಬ್ಸ್‌ಬರ್ಗ್ ಆಳ್ವಿಕೆಯ ವಿರುದ್ಧ 1703ರಿಂದ 1711ರವರೆಗೆ ಕಾದಾಡಿದ ಎರಡನೆಯ ಫೆರೆಂಟ್ಸ್ ರಾಕೋಟ್ಸಿ, ಫ್ರಾನ್ಸಿನ ಹದಿನಾಲ್ಕನೆಯ ಲೂಯಿಗೆ ಟೊಕಾಯ್ ಕಳಿಸಿ ಸ್ನೇಹ ಬೆಳೆಸಿದ. ‘ರಾಜರ ವೈನ್, ವೈನುಗಳ ರಾಜ’ ಎಂಬ ಬಿರುದನ್ನು ಲೂಯಿಯ ತಲೆಗೇ ಕಟ್ಟುತ್ತಾರೆ. ರಷ್ಯದ ಅರಮನೆಯಂತೂ 1733ರಿಂದ 1798ರವರೆಗೆ ಟೊಕಾಯ್ ಊರಿನಲ್ಲೇ ತನ್ನದೊಂದು ಖರೀದಿ ಕಚೇರಿ ಇಟ್ಟಿತ್ತು. ಆದರೆ ವರ್ಷವರ್ಷವೂ ಪೀಪಾಯಿಗಟ್ಟಲೆ ಕೊಂಡವರು ಪೋಲೆಂಡಿನ ಜಮೀನುದಾರರು. ಗೊಂಚಲಿನಿಂದ ಹಣ್ಣು ಆರಿಸದೆ ಒಟ್ಟಿಗೆ ಹಿಂಡುವ ವೈನಿಗೆ ಇಂದಿಗೂ ಇರುವ ಹೆಸರು ಸಾಮೊರೊದ್ನಿ. ಅದು ಪೋಲಿಷ್ ಮಾತು, ‘ತಾನಾಗಿ ಹುಟ್ಟಿದ್ದು’ ಎಂದರ್ಥ. ಕೊಂಡವರ ಭಾಷೆ ಮಾರಿದವರ ಪೀಪಾಯಿಯ ಮೇಲೆ ಕೂತುಬಿಟ್ಟಿತು. 1772ರಲ್ಲಿ ಪೋಲೆಂಡನ್ನು ನೆರೆಯ ಮೂರು ರಾಜ್ಯಗಳು ಹಂಚಿಕೊಳ್ಳತೊಡಗಿ ಹೊಸ ಗಡಿ, ಹೊಸ ಸುಂಕ ಬಂದಾಗ ಈ ಗುಡ್ಡಗಳಿಗೆ ಬಿದ್ದ ಪೆಟ್ಟು ಯಾವ ಯುದ್ಧಕ್ಕೂ ಕಡಿಮೆಯದಲ್ಲ.

ಹೆಸರು ಬೆಳೆದಂತೆ ನಕಲಿಯೂ ಬೆಳೆಯಿತು. 1737ರಲ್ಲಿ ದೊರೆ ಮೂರನೆಯ ಕಾರೋಯ್, ಯಾವ ಊರುಗಳ ವೈನ್ ಟೊಕಾಯ್ ಎನಿಸಿಕೊಳ್ಳಬಹುದೆಂದು ಗೆರೆ ಎಳೆದ. ಟಸ್ಕನಿಯ ಕಿಯಾಂತಿಗೆ 1716ರಲ್ಲೇ ಅಂಥ ಆಜ್ಞೆ ಬಂದಿತ್ತು. ಆದ್ದರಿಂದ ‘ಜಗತ್ತಿನಲ್ಲೇ ಮೊದಲು’ ಎಂಬ ಬಡಾಯಿ ಪೂರ್ತಿ ನಿಲ್ಲುವುದಿಲ್ಲ. ಹೆಸರಿನ ಜಗಳ ಮಾತ್ರ ಇತ್ತೀಚಿನವರೆಗೂ ಎಳೆಯಿತು. ಇಟಲಿಯ ಫ್ರಿಯುಲಿ ಸೀಮೆಯವರು ತಮ್ಮ ‘ತೊಕಾಯ್’ ಹೆಸರನ್ನು ಬಿಟ್ಟುಕೊಟ್ಟದ್ದು 2007ರಲ್ಲಿ.

ಗುಡ್ಡದ ನಡುವಿನ ಮಾದ್ ಎಂಬ ಹಳ್ಳಿಯಲ್ಲಿ ಬರೋಕ್ ಶೈಲಿಯ ಯೆಹೂದಿ ಮಂದಿರವೊಂದಿದೆ, 1795ರ ಕಟ್ಟಡ. ಹದಿನೆಂಟನೆಯ ಶತಮಾನದಿಂದ ಈ ಊರುಗಳ ವೈನ್ ವ್ಯಾಪಾರದಲ್ಲಿ ದೊಡ್ಡ ಪಾಲು ಯೆಹೂದಿ ಕುಟುಂಬಗಳದಾಗಿತ್ತು. ತೋಟ, ನೆಲಮಾಳಿಗೆ, ಸಾಲ, ಸಾಗಣೆ, ಪರದೇಶದ ಗಿರಾಕಿಯ ರುಚಿ, ಎಲ್ಲದರ ಲೆಕ್ಕ ಅವರ ಬಳಿ. 1880ರ ದಶಕದ ಕೊನೆಯಲ್ಲಿ ಫಿಲೊಕ್ಸೆರಾ ಹೇನು ಬಳ್ಳಿಗಳ ಬೇರನ್ನೇ ತಿಂದುಹಾಕಿದಾಗ ತೋಟಗಳು ಹಾಳುಬಿದ್ದವು. ಅಮೆರಿಕದ ಬೇರಿಗೆ ಕಸಿ ಕಟ್ಟಿ ಮತ್ತೆ ಎಬ್ಬಿಸಿದರು. 1920ರ ಟ್ರಿಯಾನೊನ್ ಒಪ್ಪಂದ ದೇಶವನ್ನೇ ಕತ್ತರಿಸಿದಾಗಲೂ ಹೇಗೋ ವ್ಯಾಪಾರ ನಡೆಯಿತು. 1944ರಲ್ಲಿ ಆ ಕುಟುಂಬಗಳನ್ನು ಆಶ್ವಿಟ್ಸಿಗೆ ಸಾಗಿಸಿದರು. ಬಳ್ಳಿಯನ್ನು ಮತ್ತೆ ನೆಡಬಹುದಿತ್ತು, ಆ ಜನರನ್ನಲ್ಲ. ಮಾದ್‌ನ ಮಂದಿರವನ್ನು ಈ ಶತಮಾನದ ಮೊದಲಲ್ಲಿ ಚೆಂದಕ್ಕೆ ದುರಸ್ತಿ ಮಾಡಿದ್ದಾರೆ. ಪ್ರಾರ್ಥನೆಗೆ ಊರಲ್ಲಿ ಜನವಿಲ್ಲ.

ಯುದ್ಧದ ನಂತರ ಎಲ್ಲವೂ ಸರ್ಕಾರದ ಕೈಗೆ ಹೋಯಿತು. ಗುಣದ ಬದಲು ಟನ್ನಿನ ಲೆಕ್ಕ ಬಂತು. ಟ್ರ್ಯಾಕ್ಟರ್ ಹತ್ತದ ಕಡಿದಾದ ಹಳೆಯ ತೋಟಗಳು ಪೊದೆ ಬೆಳೆದು ಹೋದವು, ಬಯಲಿನಲ್ಲಿ ಹೊಸ ಬಳ್ಳಿ ಬಂತು. ಎಲ್ಲರ ಹಣ್ಣನ್ನೂ ಒಂದೇ ತೊಟ್ಟಿಗೆ ಸುರಿದು, ಸಾರಾಯಿ ಬೆರೆಸಿ, ಕಾಯಿಸಿ, ಸೋವಿಯತ್ ಗಿರಾಕಿಗೆ ಕಳಿಸಿದರು. ಲೇಬಲ್ಲಿನ ಮೇಲೆ ಪುಟ್ಟೊನ್ ಎಣಿಕೆ ಇತ್ತು. ಅದನ್ನು ನಂಬುವವರು ಕಡಿಮೆಯಾಗಿದ್ದರು.

ಸರ್ಕಾರದ ಹಿಡಿತ ಸಡಿಲಾದ ಮೇಲೆ, 1990ರಲ್ಲಿ, ಮಾದ್‌ನಲ್ಲಿ ಬ್ರಿಟಿಷ್ ವೈನ್ ಲೇಖಕ ಹ್ಯೂ ಜಾನ್ಸನ್ ಮತ್ತು ಜೊತೆಗಾರರು ಸ್ಥಳೀಯ ಬೆಳೆಗಾರರೊಡನೆ ರಾಯಲ್ ಟೊಕಾಯ್ ಕಂಪನಿ ಕಟ್ಟಿದರು. ಫ್ರಾನ್ಸಿನ ವಿಮಾ ಕಂಪನಿ ಆಕ್ಸಾ ದಿಸ್ನೊಕೊ ತೋಟಕ್ಕೆ ಬಂತು. ಸ್ಪೇನಿನ ವೇಗಾ ಸಿಸಿಲಿಯಾದ ಒಡೆಯರು ಒರೆಮುಶ್ ಹಿಡಿದರು. ಕೂಡಲೇ ಜಗಳ: ಹೊಸಬರ ಅಸೂ ಹೊಂಬಣ್ಣದ್ದು, ತಾಜಾ ಹಣ್ಣಿನ ರುಚಿಯದು, ವರ್ಷಗಟ್ಟಲೆ ಗಾಳಿಯಾಡಿ ಕಂದಿದ ವೈನಿಗೆ ಒಗ್ಗಿದ್ದವರು ಇದು ಟೊಕಾಯೇ ಅಲ್ಲ ಎಂದರು. ಕಂದುಬಣ್ಣದ ಆ ‘ಸಂಪ್ರದಾಯ’ದಲ್ಲಿ ಎಷ್ಟು ಪಾಲು ಪುರಾತನದ್ದು, ಎಷ್ಟು ಸರ್ಕಾರಿ ಕಾರ್ಖಾನೆಯದ್ದು ಎಂದು ಯಾರಾದರೂ ಕೇಳಬೇಕಿತ್ತು. ಇಶ್ಟ್ವಾನ್ ಸೆಪ್ಶಿಯಂಥ ಸ್ಥಳೀಯರು ಜಗಳಕ್ಕಿಂತ ಹಳೆಯ ಗುಡ್ಡದ ತೋಟಗಳತ್ತ ಮರಳಿದರು. ಅಲ್ಲಿಂದ ಸಿಹಿಯಿಲ್ಲದ ಫುರ್ಮಿಂಟ್ ವೈನಿಗೂ ಹೆಸರು ತಂದರು. 2002ರಲ್ಲಿ ಯುನೆಸ್ಕೊ ಈ ಸೀಮೆಯನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಊಟದ ಮಾತಿಗೆ ಬಂದರೆ, ಸಿಹಿ ವೈನ್ ಊಟದ ಕೊನೆಗೆ ಎಂಬ ನಿಯಮವನ್ನು ಹಂಗೆರಿಯವರು ಮೊದಲ ತಟ್ಟೆಯಲ್ಲೇ ಮುರಿಯುತ್ತಾರೆ. ಜಿಡ್ಡು ತುಂಬಿದ ಹೆಬ್ಬಾತಿನ ಈಲಿಗೆ ಅಸೂ ಜೋಡಿ. ಸಿಹಿ ಜಿಡ್ಡಿನೊಡನೆ ಬೆರೆಯುತ್ತದೆ, ಹುಳಿ ಅದನ್ನು ನಾಲಗೆಯಿಂದ ತೊಳೆಯುತ್ತದೆ. ಹುಣಸೆಹುಳಿಗೆ ಬೆಲ್ಲ ಹಾಕಿ ಗೊಜ್ಜು ಮಾಡುವವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ. ಉಪ್ಪುಪ್ಪಾದ ನೀಲಿ ಬೂಷ್ಟಿನ ಚೀಸಿಗೂ ಅಸೂ ಒಗ್ಗುತ್ತದೆ, ಬೂಷ್ಟಿಗೆ ಬೂಷ್ಟು. ಅಕ್ರೋಟಿನ ಹೂರಣ ತುಂಬಿ ಚಾಕೊಲೇಟ್ ಸುರಿದ ಗುಂಡೆಲ್ ಪಲಚಿಂತಾ ಎಂಬ ದೋಸೆಗೂ ಅದನ್ನೇ ಸುರಿದುಕೊಡುತ್ತಾರೆ, ಆದರೆ ಅಲ್ಲಿ ಚಾಕೊಲೇಟ್ ಗೆಲ್ಲುತ್ತದೆ. ಏಪ್ರಿಕಾಟ್ ಹಣ್ಣಿನ ಸಿಹಿತಿನಿಸು ವಾಸಿ. ಕೆಂಪು ಪಾಪ್ರಿಕಾದ ಮೀನುಸಾರು ಹಲಾಸ್ಲೇಗೆ ಸಿಹಿಯಿಲ್ಲದ ಫುರ್ಮಿಂಟ್. ಸಿಹಿಯಿಲ್ಲದ ಸಾಮೊರೊದ್ನಿಗೆ ಉಪ್ಪು ಹಾಕಿ ಹುರಿದ ಬಾದಾಮಿ ಸಾಕು.

2013ರಲ್ಲಿ ನಿಯಮ ಬದಲಾಯಿತು. ಲೀಟರಿಗೆ ಕನಿಷ್ಠ 120 ಗ್ರಾಂ ಸಕ್ಕರೆ ಇಲ್ಲದ್ದು ಅಸೂ ಅಲ್ಲ. ಮೂರು, ನಾಲ್ಕು ಪುಟ್ಟೊನ್‌ಗಳು ಲೇಬಲ್ಲಿನಿಂದ ಇಳಿದು ಐದು, ಆರು ಮಾತ್ರ ಉಳಿದವು. ಬುಟ್ಟಿ ಎಣಿಸುವವರು ಈಗ ಇಲ್ಲ, ಪ್ರಯೋಗಾಲಯ ಸಕ್ಕರೆ ಅಳೆಯುತ್ತದೆ. ಬಿಡಿಸುವ ಕೆಲಸ ಮಾತ್ರ ಕೈಯದೇ. ಒಂದೇ ಗೊಂಚಲಿನಲ್ಲಿ ಮಾಗಿದ್ದು, ಅರೆ ಸುರುಟಿದ್ದು, ಪೂರ್ತಿ ಸುರುಟಿದ್ದು ಅಕ್ಕಪಕ್ಕ ಇರುತ್ತವೆ. ಪೂರ್ತಿ ಸುರುಟಿದ್ದನ್ನಷ್ಟೇ ಒಂದೊಂದಾಗಿ ಬಿಡಿಸಿ, ಉಳಿದವನ್ನು ಬಳ್ಳಿಯಲ್ಲೇ ಬಿಟ್ಟು, ವಾರ ಕಳೆದು ಮತ್ತೆ ಅದೇ ಸಾಲಿಗೆ ಬರಬೇಕು. ಬೆಳಗಿನಿಂದ ಸಂಜೆಯವರೆಗೆ ಬಗ್ಗಿ ದುಡಿದರೂ ಒಬ್ಬರ ಕೈಗೆ ಎಂಟು–ಹತ್ತು ಕಿಲೊ ಸಿಕ್ಕರೆ ಹೆಚ್ಚು, ಹಳೆಯ ಒಂದು ಬುಟ್ಟಿಗೆ ಅದು ಅರ್ಧಕ್ಕಿಂತ ಹೆಚ್ಚಾಗದು.