ಆಲೆನ್‌ನ ಕಲ್ಲಿದ್ದಲು, ಡುಸೆಲ್ಡಾರ್ಫ್‌ನ ಮಾರುಕಟ್ಟೆ

ಜರ್ಮನಿಯ ಕ್ರಿಶ್ಚಿಯನ್ ಡೆಮಾಕ್ರಟಿಕ್ ಯೂನಿಯನ್, ಅಂದರೆ ಸಿಡಿಯು, ಆಂಗೆಲಾ ಮರ್ಕೆಲ್ ಕಾಲದಲ್ಲಿ ಎಡಕ್ಕೆ ವಾಲಿ ತನ್ನ ಮೂಲವನ್ನೇ ಮರೆಯಿತು ಎಂಬ ದೂರು ಆ ಪಕ್ಷದೊಳಗೇ ಬಹುಕಾಲದಿಂದ ಇದೆ. 2011ರಲ್ಲಿ ಅಣುಸ್ಥಾವರಗಳನ್ನು ಹಂತಹಂತವಾಗಿ ಮುಚ್ಚಲು ಹೊರಟದ್ದು, ಅದೇ ವರ್ಷ ಕಡ್ಡಾಯ ಸೇನಾಸೇವೆಯನ್ನು ನಿಲ್ಲಿಸಿದ್ದು, 2015ರಲ್ಲಿ ನಿರಾಶ್ರಿತರನ್ನು ಗಡಿಯಲ್ಲಿ ತಡೆಯದೆ ಒಳಬಿಟ್ಟದ್ದು ಇದಕ್ಕೆ ಸಾಕ್ಷಿ ಎನ್ನುತ್ತಾರೆ. ಆದರೆ ಆ ಮೂಲವನ್ನು ಹುಡುಕುತ್ತ ಹೋದವರು ತಲುಪುವುದು ಬಲಪಂಥದ ಬಾಗಿಲಿಗಲ್ಲ, ವೆಸ್ಟ್‌ಫೇಲಿಯಾದ ಆಲೆನ್ ಎಂಬ ಗಣಿ ಊರಿಗೆ.

1946-47ರ ಚಳಿಗಾಲ ಯುದ್ಧದಲ್ಲಿ ಸೋತ ಜರ್ಮನಿಯನ್ನು ಹಸಿವು, ಚಳಿ ಎರಡರಿಂದಲೂ ಹಿಂಡಿತು. ಕಲ್ಲಿದ್ದಲಿನ ಗೂಡ್ಸ್ ರೈಲು ನಿಂತಲ್ಲಿ ಜನ ಹತ್ತಿ ಚೀಲ ತುಂಬಿಕೊಳ್ಳುತ್ತಿದ್ದರು. 1946ರ ಡಿಸೆಂಬರ್ 31ರಂದು ಕೊಲೋನ್‌ನ ಕಾರ್ಡಿನಲ್ ಫ್ರಿಂಗ್ಸ್ ತಮ್ಮ ಪ್ರವಚನದಲ್ಲಿ, ದುಡಿದೋ ಬೇಡಿಯೋ ಸಿಗದಿದ್ದರೆ, ಜೀವ ಉಳಿಸಿಕೊಳ್ಳಲು ಬೇಕಾದಷ್ಟನ್ನು ತೆಗೆದುಕೊಳ್ಳಬಹುದು ಎಂದರು. ಅಂದಿನಿಂದ ಕಲ್ಲಿದ್ದಲು ಕದಿಯುವುದಕ್ಕೆ ಅಲ್ಲಿನವರು 'ಫ್ರಿಂಗ್ಸನ್' ಎಂಬ ಕ್ರಿಯಾಪದವನ್ನೇ ಕಟ್ಟಿಕೊಂಡರು. ಐದೇ ವಾರದಲ್ಲಿ, 1947ರ ಫೆಬ್ರುವರಿ 3ರಂದು, ಬ್ರಿಟಿಷರ ಆಡಳಿತದಲ್ಲಿದ್ದ ವಲಯದ ಸಿಡಿಯು ಆಲೆನ್‌ನಲ್ಲಿ ತನ್ನ ಕಾರ್ಯಕ್ರಮ ಅಂಗೀಕರಿಸಿತು. ಬಂಡವಾಳಶಾಹಿ ವ್ಯವಸ್ಥೆ ಜರ್ಮನ್ ಜನರ ಹಿತ ಕಾಯಲಿಲ್ಲ, ಕಲ್ಲಿದ್ದಲು ಗಣಿಗಳು ಸಮಾಜದ ಸೊತ್ತಾಗಬೇಕು ಎಂದು ಅದು ಸಾರಿತು. ಇದು ಮಾರ್ಕ್ಸ್‌ನಿಂದ ಬಂದದ್ದಲ್ಲ. 1891ರಲ್ಲಿ ಪೋಪ್ ಹದಿಮೂರನೆಯ ಲಿಯೋ ಕಾರ್ಮಿಕರ ಪಾಡಿನ ಬಗ್ಗೆ ಹೊರಡಿಸಿದ ಪತ್ರವೂ ಕ್ಯಾಥೊಲಿಕ್ ಕಾರ್ಮಿಕ ಸಂಘಗಳ ಅನುಭವವೂ ಅದರ ಬೇರು.

ಎರಡೇ ವರ್ಷದಲ್ಲಿ ಗಾಳಿ ತಿರುಗಿತು. 1948ರ ಜೂನ್ 20ರಂದು ಹೊಸ ಕರೆನ್ಸಿ ಬಂತು, ಆರ್ಥಿಕ ಆಡಳಿತದ ಹೊಣೆ ಹೊತ್ತಿದ್ದ ಲುಡ್ವಿಗ್ ಎರ್ಹಾರ್ಡ್ ಬಹಳಷ್ಟು ಬೆಲೆ ನಿಯಂತ್ರಣ ತೆಗೆದರು, ಖಾಲಿ ಅಂಗಡಿಗಳು ತುಂಬಿದವು. 1949ರ ಜುಲೈನಲ್ಲಿ ಡುಸೆಲ್ಡಾರ್ಫ್‌ನಲ್ಲಿ ಪಕ್ಷ ಹೊರಡಿಸಿದ ಘೋಷಣೆ 'ಸಾಮಾಜಿಕ ಮಾರುಕಟ್ಟೆ ಅರ್ಥವ್ಯವಸ್ಥೆ'ಯನ್ನು ಎತ್ತಿ ಹಿಡಿಯಿತು. ಆಲೆನ್ ಬರೀ ತಂತ್ರವಾಗಿತ್ತು, ಸಮಾಜವಾದಿಗಳ ಮತ ತಡೆಯಲು ಪಕ್ಷದ ನಾಯಕ, ಮುಂದೆ ಚಾನ್ಸಲರ್ ಆದ ಅಡೆನಾವರ್ ಹೂಡಿದ ಉಪಾಯ ಎಂದು ವಾದಿಸುವವರಿದ್ದಾರೆ. ಅಡೆನಾವರ್ ಮಟ್ಟಿಗೆ ಅದರಲ್ಲಿ ಹುರುಳಿದೆ. ಪಕ್ಷದ ಮಟ್ಟಿಗೆ ಒಪ್ಪಲಾರೆ. ತಂತ್ರವಷ್ಟೇ ಆಗಿದ್ದರೆ ಗೆದ್ದ ಮೇಲೆ ಅದರ ಸುಳಿವೂ ಉಳಿಯಬಾರದಿತ್ತು. 1951ರಲ್ಲಿ ಅಡೆನಾವರ್ ಸರ್ಕಾರವೇ ದೊಡ್ಡ ಕಲ್ಲಿದ್ದಲು, ಉಕ್ಕು ಕಂಪನಿಗಳ ಮೇಲ್ವಿಚಾರಣಾ ಮಂಡಳಿಗಳಲ್ಲಿ ಕಾರ್ಮಿಕರಿಗೆ ಸರಿಸಮ ಸ್ಥಾನ ಕೊಟ್ಟಿತು. ಮುಷ್ಕರದ ಬೆದರಿಕೆ ಇತ್ತು, ನಿಜ; ಆದರೆ ಪಕ್ಷದ ಕಾರ್ಮಿಕ ಬಣವೂ ಅದನ್ನೇ ಬಯಸಿತ್ತು. 1957ರಲ್ಲಿ ಪಿಂಚಣಿ ಸಂಬಳದ ಜೊತೆಗೇ ಏರುವಂತಾಯಿತು, ಅದೇ ವರ್ಷ ಸೋದರ ಪಕ್ಷ ಸಿಎಸ್‌ಯು ಜೊತೆ ಸೇರಿ ಶೇ. 50.2 ಮತ ಬಂತು.

ಹಾಗಾದರೆ ಇದು ಗಾಳಿ ಬಂದಾಗ ತೂರಿಕೊಳ್ಳುವ ಪಕ್ಷವೇ? ಅಲ್ಲ. ಸಿಡಿಯುಗೂ ಹಿಂದಿನ ಸೆಂಟ್ರುಮ್ ಪಕ್ಷ ಬಹುಪಾಲು ಕ್ಯಾಥೊಲಿಕರದ್ದು. ಸಿಡಿಯು ಪ್ರಾಟೆಸ್ಟಂಟರನ್ನೂ ಗಣಿ ಕಾರ್ಮಿಕರನ್ನೂ ಕಾರ್ಖಾನೆ ಮಾಲೀಕರನ್ನೂ ಒಂದೇ ಸೂರಿನಡಿ ತಂದಿತು. ಆ ಕೂಟವೇ ಅದರ ಮೂಲ. ದಿಕ್ಕು ಬದಲಾದದ್ದು ಅದನ್ನು ಉಳಿಸಿಕೊಳ್ಳಲು. ಎಡಕ್ಕೆ ವಾಲಿದರೆಂಬ ದೂರು ಹೊತ್ತ ಇದೇ ಮರ್ಕೆಲ್ 2003ರ ಲೈಪ್‌ಜಿಗ್ ಸಮಾವೇಶದಲ್ಲಿ ಪಕ್ಷವನ್ನು ಮುಕ್ತ ಮಾರುಕಟ್ಟೆಯತ್ತ ಜೋರಾಗಿ ತಿರುಗಿಸಿದ್ದರು. 2005ರ ಚುನಾವಣೆಯಲ್ಲಿ ಸಿಡಿಯು-ಸಿಎಸ್‌ಯು ಮತ ಶೇ. 35.2ಕ್ಕೆ ನಿಂತಿತು, ಸಮಾಜವಾದಿಗಳೊಂದಿಗೆ ಸರ್ಕಾರ ಮಾಡಬೇಕಾಯಿತು, ಲೈಪ್‌ಜಿಗ್‌ನ ಯೋಜನೆಗಳು ಮೂಲೆ ಸೇರಿದವು.