ಸೀತಾಳೆ ಸಾಯುವುದು ಮಳೆಯಿಂದಲ್ಲ

ಮುಂಬಯಿಯ ಮಾಲುಗಳಲ್ಲಿ ಬಿಲ್ ಕೌಂಟರಿನ ಹತ್ತಿರ ಸಾಲಾಗಿ ಇಟ್ಟಿರುತ್ತಾರಲ್ಲ, ಬಾಗಿದ ಕಡ್ಡಿಗೆ ಬಿಳಿಯೋ ನೇರಳೆಯೋ ಹೂ ಪೋಣಿಸಿದಂತಿರುವ ಆರ್ಕಿಡ್ ಗಿಡ, ಅದು ಹುಟ್ಟುಹಬ್ಬಕ್ಕೋ ಗೃಹಪ್ರವೇಶಕ್ಕೋ ನಿಮ್ಮ ಮನೆಗೂ ಬಂದಿರಬಹುದು. ಎರಡು ತಿಂಗಳು ಹೂ ಇರುತ್ತದೆ. ಆಮೇಲೆ ಹೂ ಉದುರಿ, ಎಲೆ ಸುಕ್ಕಾಗಿ ಜೋತುಬಿದ್ದು, ಒಂದು ದಿನ ಗಿಡವೇ ಕೈಗೆ ಕಿತ್ತು ಬರುತ್ತದೆ. "ಈ ಊರಿನ ಹವೆ ಅದಕ್ಕೆ ಆಗೋದಿಲ್ಲ ಬಿಡಿ" ಅಂತ ಕಸದ ಬುಟ್ಟಿಗೆ ಹಾಕುತ್ತಾರೆ. ಮೂವತ್ತು ವರ್ಷದಿಂದ ಇಲ್ಲಿದ್ದೇನೆ, ಮುಂಬಯಿಯ ಹವೆಯ ಮೇಲೆ ಜನ ಹೊರಿಸದ ಆರೋಪವಿಲ್ಲ. ಈ ಒಂದು ಕೇಸಿನಲ್ಲಾದರೂ ಹವೆಯ ಪರವಾಗಿ ವಕಾಲತ್ತು ಮಾಡೋಣ ಅನ್ನಿಸಿದೆ.

ಮೊದಲ ಸಾಕ್ಷಿ ನಮ್ಮ ಊರಿನದೇ. ಶಿರಸಿ, ಸಿದ್ದಾಪುರದ ಕಡೆ ಸೀತಾಳೆ ದಂಡೆ ಎಂದರೆ ಎಲ್ಲರಿಗೂ ಗೊತ್ತು. ಹಲಸಿನ ಮರದ ಕವಲಿನಲ್ಲಿ, ಮಾವಿನ ಕೊಂಬೆಯಲ್ಲಿ ಅಂಟಿಕೊಂಡು, ಮಳೆಗಾಲ ಹಿಡಿಯುವ ಹೊತ್ತಿಗೆ ನರಿಬಾಲದಂತೆ ಹೂಗೊಂಚಲು ಇಳಿಬಿಡುತ್ತದೆ. ಹೆಣ್ಣುಮಕ್ಕಳು ಜಡೆಗೆ ಮುಡಿಯುತ್ತಿದ್ದರು. ಶಾಸ್ತ್ರೀಯ ಹೆಸರು ರಿಂಕೋಸ್ಟೈಲಿಸ್ ರೆಟೂಸಾ. ಅಸ್ಸಾಮಿನಲ್ಲಿ ಇದೇ ಹೂವು ಕೊಪೌ ಫೂಲ್, ಬಿಹು ಹಬ್ಬದ ಕುಣಿತಕ್ಕೆ ಮುಡಿಯಲೇಬೇಕು, ಆ ರಾಜ್ಯದ ಹೂವೂ ಹೌದು. ಇದನ್ನು ಬದನಿಕೆಯ ಜೊತೆ ಸೇರಿಸಿ ಮರದ ರಸ ಹೀರುತ್ತದೆ ಎನ್ನುವವರುಂಟು. ಸುಳ್ಳು. ಅದು ಬಾಡಿಗೆ ಕೊಡದ ಬಾಡಿಗೆದಾರ ಅಷ್ಟೇ, ಮನೆ ಮಾಲೀಕನ ಅಡಿಗೆಮನೆಗೆ ನುಗ್ಗುವುದಿಲ್ಲ.

ಈಗ ಲೆಕ್ಕ ನೋಡಿ. ಸಾಂತಾಕ್ರೂಜ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ ಹೆಚ್ಚುಕಡಿಮೆ 2,300 ಮಿ.ಮೀ. ಆಗುಂಬೆಯಲ್ಲಿ ಬೀಳುವುದು 7,000 ಮಿ.ಮೀ.ಗೂ ಹೆಚ್ಚು. ಅಂಥ ಮಳೆಯ ಘಟ್ಟದಲ್ಲಿ ಆರ್ಕಿಡ್‌ಗಳು ಬೇರು ಬಿಚ್ಚಿಕೊಂಡು ಸುಖವಾಗಿರುವಾಗ ಮುಲುಂಡಿನ ಬಾಲ್ಕನಿಯಲ್ಲಿ ಯಾಕೆ ಕೊಳೆಯಬೇಕು? ಅಲ್ಲಿ ನೀರು ಸುರಿದು ಹರಿದು ಹೋಗುತ್ತದೆ, ಬೇರಿಗೆ ಗಾಳಿ ತಾಗುತ್ತದೆ. ಇಲ್ಲಿ ನೀರು ಕುಂಡದೊಳಗೆ ನಿಲ್ಲುತ್ತದೆ. ವ್ಯತ್ಯಾಸ ಇಷ್ಟೇ. ಈ ಇಷ್ಟು ಅರ್ಥವಾಗಲು ಇಂಗ್ಲಿಷರಿಗೆ ಹತ್ತಿರ ಹತ್ತಿರ ಅರ್ಧ ಶತಮಾನ ಹಿಡಿಯಿತು.

ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಅವರ ಹಡಗುಗಳು ಪೂರ್ವದಿಂದ, ಅಮೆರಿಕದಿಂದ ಆರ್ಕಿಡ್ ತಂದು ಸುರಿದವು. ಬಿಸಿ ನಾಡಿನ ಗಿಡ, ಬಿಸಿಯೇ ಬೇಕು ಎಂದು ತಿಳಿದು, ಕಿಟಕಿ ಮುಚ್ಚಿದ ಗಾಜಿನ ಮನೆಯಲ್ಲಿ ಬೆಂಕಿ ಹಾಕಿ, ಮಣ್ಣು, ಕೊಳೆತ ಎಲೆ, ಮರದ ಪುಡಿಯಲ್ಲಿ ಬೇರು ಹೂತು, ನೀರು ಹಾಕಿ ಬೇಯಿಸಿದರು. ಬೇಯಿಸಿದರು ಎನ್ನುವುದೇ ಸರಿಯಾದ ಪದ. ಗಿಡಗಳು ರಾಶಿರಾಶಿಯಾಗಿ ಸತ್ತವು. ಇಂಗ್ಲೆಂಡ್ ಎಂದರೆ ಉಷ್ಣವಲಯದ ಆರ್ಕಿಡ್‌ಗಳ ಸ್ಮಶಾನ ಎಂಬ ಮಾತೇ ಹುಟ್ಟಿಕೊಂಡಿತು. ಇದನ್ನು ತಿದ್ದಿದವರಲ್ಲಿ ಮುಖ್ಯನಾದವನು ಜೋಸೆಫ್ ಪ್ಯಾಕ್ಸ್‌ಟನ್, ಡೆವನ್‌ಶೈರ್ ಡ್ಯೂಕನ ಚಾಟ್ಸ್‌ವರ್ತ್ ತೋಟದ ಮುಖ್ಯ ಮಾಲಿ. ಶಾಖ ಇಳಿಸಿದ, ಕಿಟಕಿ ತೆರೆದು ಗಾಳಿ ಆಡಿಸಿದ, ಕುಂಡಕ್ಕೆ ಸುರಿಯುವ ಬದಲು ನೆಲಕ್ಕೆ ನೀರು ಚಿಮುಕಿಸಿ ಗಾಳಿಯಲ್ಲಿ ತೇವ ಉಳಿಸಿದ. ಗಿಡಗಳು ಬದುಕಿದವು. ಇದೇ ಪ್ಯಾಕ್ಸ್‌ಟನ್ ಮುಂದೆ 1851ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಕಟ್ಟಿಸಿದವನು. 1889ರಲ್ಲಿ ಅಡಿಗಲ್ಲು ಬಿದ್ದ ನಮ್ಮ ಲಾಲ್‌ಬಾಗಿನ ಗಾಜಿನ ಮನೆಗೆ ಅದೇ ಮಾದರಿ. ಫಲಪುಷ್ಪ ಪ್ರದರ್ಶನದ ನೂಕುನುಗ್ಗಲಿನಲ್ಲಿ ಒಬ್ಬ ಮಾಲಿಯನ್ನು ಯಾರು ನೆನೆಸಿಕೊಳ್ಳುತ್ತಾರೆ ಹೇಳಿ.

ಅಂದ ಹಾಗೆ, ಅಂಗಡಿಯಿಂದ ಅರೆಜೀವದ ಆರ್ಕಿಡ್ ದುಬಾರಿ ಬೆಲೆಗೆ ಕೊಳ್ಳುವುದೂ ಹೊಸ ಚಟವಲ್ಲ. ಖಾಸಿ ಬೆಟ್ಟಗಳಲ್ಲಿ ವಿಲಿಯಂ ಗ್ರಿಫಿತ್ 1837ರಲ್ಲಿ ಕಂಡ ನೀಲಿ ವಾಂಡಾ ಎಂಬ ಆರ್ಕಿಡ್ ಇದೆ. (ವಾಂಡಾ ಎಂಬುದೂ ನಮ್ಮ ಸಂಸ್ಕೃತದ 'ವಂದಾ'ದಿಂದಲೇ ಹೋದ ಹೆಸರು.) 1850ರಲ್ಲಿ ಜೋಸೆಫ್ ಹೂಕರ್ ಅಲ್ಲಿಗೆ ಹೋದಾಗ ಲಂಡನ್ನಿನ ಕ್ಯೂ ತೋಟಕ್ಕೆಂದು ಏಳು ಆಳು ಹೊರುವಷ್ಟು ಗಿಡ ಕಿತ್ತ. ಜೀವಂತ ತಲುಪಿದ್ದು ಕೆಲವೇ ಕೆಲವು. ಅವನ ಜೊತೆ ತನ್ನ ಮಾಲಿಯನ್ನು ಕಳಿಸಿದ್ದ ಇನ್ನೊಬ್ಬ ದೊರೆ ಒಂದೇ ಒಂದು ಹೊರೆ ಕಳಿಸಿದ. ಅದು ತೀರಾ ಕೆಟ್ಟ ಸ್ಥಿತಿಯಲ್ಲಿ ಮುಟ್ಟಿದರೂ 300 ಪೌಂಡಿಗೆ ಮಾರಾಟವಾಯಿತು! ಇದನ್ನು ಹೂಕರನೇ 1854ರ ತನ್ನ ಹಿಮಾಲಯದ ದಿನಚರಿ ಪುಸ್ತಕದಲ್ಲಿ ಬರೆದಿದ್ದಾನೆ. ದಕ್ಷಿಣ ಅಮೆರಿಕದಲ್ಲಿ ಇದಕ್ಕಿಂತ ಘೋರ. ಹತ್ತು ಸಾವಿರ ಗಿಡಕ್ಕಾಗಿ ನಾಲ್ಕು ಸಾವಿರ ಮರ ಕಡಿಸಿದೆ ಎಂದು ಆಲ್ಬರ್ಟ್ ಮಿಲ್ಲಿಕನ್ ಎಂಬ ಆರ್ಕಿಡ್ ಬೇಟೆಗಾರ 1891ರಲ್ಲಿ ಬರೆದುಕೊಂಡ. ನೀಲಿ ವಾಂಡಾ ನಮ್ಮ ವನ್ಯಜೀವಿ ಕಾನೂನಿನ ರಕ್ಷಣೆಗೆ ಬಂದದ್ದು 1991ರ ತಿದ್ದುಪಡಿಯಲ್ಲಿ. ಅಷ್ಟರಲ್ಲಿ ಬೆಟ್ಟಗಳು ಎಷ್ಟು ಕಳೆದುಕೊಂಡಿದ್ದವೋ.

ಮಾಲಿನ ಗಿಡದ ಮೇಲೆ ಆ ಪಾಪ ಇಲ್ಲ, ಇದನ್ನು ಹೇಳಲೇಬೇಕು. ಆರ್ಕಿಡ್ ಬೀಜ ಧೂಳಿನಂತೆ, ಒಳಗೆ ಬುತ್ತಿಯೇ ಇರುವುದಿಲ್ಲ. ಕಾಡಿನಲ್ಲಿ ಒಂದು ಬಗೆಯ ಶಿಲೀಂಧ್ರ ಊಡಿದರೆ ಮಾತ್ರ ಮೊಳಕೆ. 1922ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಲೂಯಿಸ್ ನಡ್ಸನ್, ಸಕ್ಕರೆ ಬೆರೆಸಿದ ಅಗರ್ ಮೇಲೆ ಶಿಲೀಂಧ್ರವಿಲ್ಲದೆಯೇ ಬೀಜ ಮೊಳೆಸಿ ತೋರಿಸಿದ. 1960ರಲ್ಲಿ ಫ್ರಾನ್ಸಿನ ಜಾರ್ಜ್ ಮೊರೆಲ್ ಕುಡಿಯ ತುಣುಕಿನಿಂದ ಗಿಡಗಳನ್ನು ನಕಲು ಮಾಡುವ ದಾರಿ ತೆರೆದ. ಡ್ಯೂಕನ ಗಿಡ ಗುಮಾಸ್ತನ ಮನೆಗೆ ಬಂದದ್ದು ಹೀಗೆ, ಬಾಟಲಿಯ ಮೂಲಕ. ಈ ಮಾಲಿನ ಜಾತಿಗೆ ಫೆಲನಾಪ್ಸಿಸ್ ಎಂದು ಹೆಸರು, ಪತಂಗದಂಥದ್ದು ಎಂದರ್ಥ. ಇವತ್ತು ತೈವಾನ್, ಹಾಲೆಂಡ್‌ಗಳಲ್ಲಿ ಕಾರ್ಖಾನೆಯಂತೆ ಬೆಳೆಸುತ್ತಾರೆ. ಇದಕ್ಕೊಬ್ಬ ದಾಯಾದಿ ನಮ್ಮ ಹಾಸನ ಜಿಲ್ಲೆಯಲ್ಲೇ ಇದ್ದಾನೆ. ಬೆಂಗಳೂರಿನ ಫಾದರ್ ಸೆಸಿಲ್ ಸಲ್ದಾನಾ 1974ರಲ್ಲಿ ಅದನ್ನು ಫೆಲನಾಪ್ಸಿಸ್ ಮೈಸೋರೆನ್ಸಿಸ್ ಎಂದು ಕರೆದರು. ಮುಂಬಯಿಯಲ್ಲೂ ಇಂಥ ಒಬ್ಬ ಫಾದರ್ ಇದ್ದರು, ಸೇಂಟ್ ಝೇವಿಯರ್ಸ್ ಕಾಲೇಜಿನ ಸಂತಪಾವ್, ಹುಟ್ಟಿದ್ದು ಸ್ಪೇನಿನಲ್ಲಿ. ಖಂಡಾಲಾ ಘಾಟಿನ ಗಿಡಗಳ ಮೇಲೆ ಪುಸ್ತಕ ಬರೆದವರು, 1966ರಲ್ಲಿ ಕಾಪಡಿಯಾ ಜೊತೆ ಸೇರಿ 'ಆರ್ಕಿಡ್ಸ್ ಆಫ್ ಬಾಂಬೆ' ಹೊರತಂದರು. ಬಾಂಬೆ ಹವೆ ಆರ್ಕಿಡ್‌ಗೆ ಆಗುವುದಿಲ್ಲ ಎನ್ನುವವರಿಗೆ ಆ ಪುಸ್ತಕದ ಹೆಸರೇ ಸಾಕು.

ಈ ಕಥೆಯೆಲ್ಲ ನನಗೆ ಉಪಯೋಗಕ್ಕೆ ಬಂದದ್ದು ಹೋದ ಜುಲೈಯಲ್ಲಿ. ಪಕ್ಕದ ಮನೆಯ ಕಾಕೂ ಮಾಲಿನಿಂದ ತಂದ ತಮ್ಮ ಗಿಡವನ್ನು ಎತ್ತಿಕೊಂಡು ಬಂದರು. ಮಗ ಪರದೇಶಕ್ಕೆ ಹೊರಡುವ ಮುನ್ನ ಕೊಡಿಸಿದ್ದು. "ಬಘಾ ನಾ, ವಾಚೇಲ್ ಕಾ?" ಎಂದರು, ಉಳಿಯುತ್ತದಾ ನೋಡಿ ಅಂತ. ಎಲೆ ನಾಲ್ಕರಲ್ಲಿ ಎರಡು ಹಳದಿ. ಚಂದದ ಪಿಂಗಾಣಿ ಕುಂಡಕ್ಕೆ ತಳದಲ್ಲಿ ತೂತೇ ಇಲ್ಲ. ಅದರೊಳಗೆ ಪ್ಲಾಸ್ಟಿಕ್ ಲೋಟ, ಲೋಟದೊಳಗೆ ಬಿಗಿಯಾಗಿ ತುರುಕಿದ ಒದ್ದೆ ಪಾಚಿ. ಅಳತೆ ನೋಡಿ ನೀರು ಕೊಡುವ ಹಾಲೆಂಡಿನ ಗಾಜಿನ ಮನೆಯಲ್ಲಿ, ವಾರಗಟ್ಟಲೆ ಪ್ರಯಾಣದಲ್ಲಿ ಆ ಪಾಚಿ ಒಳ್ಳೆಯದೇ. ಮುಂಬಯಿಯ ಜುಲೈಯಲ್ಲಿ ಅದು ಕುತ್ತಿಗೆಗೆ ಕಟ್ಟಿದ ಒದ್ದೆ ಟವೆಲ್ಲು. ಬಿಡಿಸಿ ನೋಡಿದರೆ ಬಹುತೇಕ ಬೇರುಗಳು ಕಂದು ಬಣ್ಣಕ್ಕೆ ತಿರುಗಿ, ಹಿಸುಕಿದರೆ ಸಿಪ್ಪೆ ಕಳಚಿ ನೂಲು ಮಾತ್ರ ಉಳಿಯುತ್ತಿತ್ತು. ಗಟ್ಟಿಯಾಗಿ ಉಳಿದದ್ದು ಮೂರು.

ಬ್ಲೇಡನ್ನು ಗ್ಯಾಸಿನ ಉರಿಯಲ್ಲಿ ಕಾಯಿಸಿ ಕೊಳೆತದ್ದನ್ನೆಲ್ಲ ಕತ್ತರಿಸಿದೆ, ಗಾಯಕ್ಕೆ ಚಿಟಿಕೆ ದಾಲ್ಚಿನ್ನಿ ಪುಡಿ. ಒಂದು ದಿನ ನೆರಳಲ್ಲಿ ಹಾಗೇ ಒಣಗಲು ಬಿಟ್ಟೆ (ಕಾಕೂಗೆ ಗಾಬರಿ, "ಪಾಣಿ ನಕೋ?" ಅಂತ ನಾಲ್ಕು ಸಲ ಕೇಳಿದರು). ಕೆಳಗಿನ ಇಸ್ತ್ರಿಯವನಿಂದ ಇದ್ದಿಲು, ಎಳನೀರಿನವನಿಂದ ಒಣಗಿದ ಸಿಪ್ಪೆ, ಎದುರಿನ ರಿಡೆವಲಪ್‌ಮೆಂಟ್ ಕಟ್ಟಡದ ರಾಶಿಯಿಂದ ಇಟ್ಟಿಗೆ ಚೂರು. ಖರ್ಚು ಶೂನ್ಯ. ಸುತ್ತ ತೂತು ಕೊರೆದ ಡಬ್ಬಿಯಲ್ಲಿ ಇವನ್ನು ಸಡಿಲವಾಗಿ ತುಂಬಿ ಗಿಡ ಕೂರಿಸಿದೆ. ಮಣ್ಣು ಒಂದು ಚಿಟಿಕೆಯೂ ಇಲ್ಲ. ಮಳೆ ನೇರ ಬಡಿಯದ, ಗಾಳಿ ಆಡುವ ಗ್ರಿಲ್ಲಿನ ಮೂಲೆಗೆ ತೂಗುಹಾಕಿದ್ದಾಯಿತು. ನೀರು ಯಾವಾಗ ಎಂಬುದನ್ನು ಬೇರೇ ಹೇಳುತ್ತದೆ. ಅದರ ಮೇಲೆ ಸ್ಪಂಜಿನಂಥ ಹೊದಿಕೆ ಇದೆ, ಒದ್ದೆಯಿದ್ದರೆ ಹಸಿರು, ಒಣಗಿದರೆ ಬೆಳ್ಳಿ. ಬೆಳ್ಳಿಯಾದ ಮೇಲೆ, ಬೆಳಿಗ್ಗೆ, ಧಾರಾಳವಾಗಿ. ಎಲೆಗಳ ನಡುವಿನ ಸುಳಿಯಲ್ಲಿ ಹನಿ ನಿಂತರೆ ಒರೆಸಬೇಕು, ಅಲ್ಲಿ ಕೊಳೆತರೆ ಇದಕ್ಕೆ ಬೇರೆ ಕುಡಿ ಇಲ್ಲ.

ಆಗಸ್ಟ್ ಪೂರ್ತಿ ಏನೂ ಆಗಲಿಲ್ಲ. ಇನ್ನೊಂದು ಎಲೆಯೂ ಉದುರಿತು. ಗಣಪತಿ ಮುಳುಗಿಸಿದ ವಾರ ಬುಡದಲ್ಲಿ ಬೆಂಕಿಕಡ್ಡಿಯ ತಲೆಯಷ್ಟು ಹಸಿರು ತುದಿ ಕಂಡಿತು, ಹೊಸ ಬೇರು. ದೀಪಾವಳಿಗೆ ಹೊಸ ಎಲೆ. ಫೆಲನಾಪ್ಸಿಸ್ ಹೂ ಕಡ್ಡಿ ಎತ್ತಬೇಕಾದರೆ ಕೆಲವು ವಾರ ತಂಪು ಬೇಕು, ನಮ್ಮ ವರ್ಷವಿಡೀ ಬೆವರುವ ಊರಿನಲ್ಲಿ ಡಿಸೆಂಬರ್, ಜನವರಿಯ ರಾತ್ರಿಗಳಷ್ಟೇ ಅದಕ್ಕೆ ಗತಿ. ಅದಕ್ಕೇ ಆ ಎರಡು ತಿಂಗಳು ಒಳಗೆ ತರಬೇಡಿ ಎಂದು ಕಾಕೂಗೆ ಹೇಳಿದ್ದೆ. ಈಗ ಎಲೆಯ ಸಂದಿನಿಂದ ಬಂದ ಕಡ್ಡಿ ಒಂದು ಗೇಣು ಬೆಳೆದಿದೆ. ನಾನು ಐದು ಮೊಗ್ಗು ಎಣಿಸಿದ್ದೇನೆ. ಕಾಕೂ ಆರು ಎನ್ನುತ್ತಾರೆ, ಮಗನಿಗೆ ಫೋನಿನಲ್ಲಿ ಹೇಳಿದ್ದೂ ಆರೇ.